ಕಾಸರಗೋಡಿನಲ್ಲಿ ಮಾಡಿಸಿಕೊಂಡ ಗುರುತಿನ ಅಚ್ಚು: ಎಂಟು ತಿಂಗಳ ಬಳಕೆಯ ನಂತರ

ನಾನು ಬೆಳ್ಳಿಯ ತಂತಿ ಮತ್ತು ತಗಡಿನಲ್ಲಿ ಕೈಯಿಂದಲೇ ಒಡವೆ ಮಾಡುವವಳು. ಕಾಸರಗೋಡು ಹಳೆ ಬಸ್ ನಿಲ್ದಾಣದ ಸಮೀಪದ ಒಂದು ಕೆತ್ತನೆಯ ಅಂಗಡಿಯಲ್ಲಿ, ಒಡವೆ ನನ್ನ ಕೈಯದೆಂದು ತೋರಿಸಲು ಅದರ ಹಿಂಬದಿಗೆ ಒತ್ತುವ ನನ್ನ ಗುರುತಿನ ಉಕ್ಕಿನ ಅಚ್ಚನ್ನು ಮಾಡಿಸಿಕೊಂಡು ಎಂಟು ತಿಂಗಳಾಯಿತು. ಇಂಥದೇ ಅಚ್ಚು ಬೇಕೆನ್ನುವ ಒಡವೆ ಕೆಲಸದವರಿಗೆ ಉಪಯೋಗವಾಗಲೆಂದು ಅದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ನನ್ನನ್ನು ಆ ಅಂಗಡಿಯ ಮೆಟ್ಟಿಲು ಹತ್ತಿಸಿದ್ದು ಭಯ. ತೋಟದಲ್ಲಿ ಅಡಿಕೆಯ ಹಿಂಗಾರ ಬಿರಿಯುವುದನ್ನು ನೋಡಿ ನೋಡಿ, ಮೂರು ತಿಂಗಳು ತಿದ್ದಿ ತೀಡಿ ಮಾಡಿದ ಜುಮುಕಿಯ ನಕಲನ್ನು ಕಳೆದ ವರ್ಷ ಜಾತ್ರೆಯ ಸಂತೆಯಲ್ಲಿ ಕಂಡೆ. ನನ್ನ ಜುಮುಕಿಯಲ್ಲಿ ಕೈತಪ್ಪಿ ಬಾಗಿದ್ದ ಒಂದು ಎಸಳು ಅಲ್ಲಿ ತೂಗುಹಾಕಿದ್ದ ಪ್ರತಿಯೊಂದರಲ್ಲಿಯೂ ಹಾಗೆಯೇ ಬಾಗಿತ್ತು. ನನ್ನ ಒಡವೆಯಿಂದಲೇ ರಬ್ಬರ್ ಅಚ್ಚು ತೆಗೆದು ಎರಕ ಹೊಯ್ದಿದ್ದರು. ಆಮೇಲೆ ಹೊಸ ಮಾದರಿಗಳನ್ನು ಡಬ್ಬಿಯಿಂದ ಹೊರಗೆ ತೆಗೆಯುವುದನ್ನೇ ಬಿಟ್ಟೆ. ಮನೆಗೆ ಹುಡುಕಿಕೊಂಡು ಬಂದವರಿಗೂ ಹಳೆಯ ಕರಿಮಣಿ ಸರಗಳನ್ನಷ್ಟೇ ತೋರಿಸಿ ಕಳುಹಿಸುತ್ತಿದ್ದೆ.

ಅಂಗಡಿಯ ಫಲಕ ಮಲಯಾಳದಲ್ಲಿದೆ. ಒಳಗೆ ಕುಳಿತ ಹಿರಿಯ ಆಚಾರ್ಯರು ಕನ್ನಡ, ತುಳು ಎರಡರಲ್ಲಿಯೂ ಮಾತನಾಡುತ್ತಾರೆ. ನಾನು ಕನ್ನಡದ ‘ಹಿಂ’ ಅಕ್ಷರ ಬೇಕೆಂದೆ. “ಎರಡು ಮಿಲಿಮೀಟರಿನೊಳಗೆ ಸುಳಿ ಉಳಿಯುವುದಿಲ್ಲಮ್ಮಾ, ಮುಚ್ಚಿಹೋಗುತ್ತದೆ” ಎಂದು ಅವರು ಮೊದಲೇ ಹೇಳಿದರೂ ನಾನು ಹಟ ಹಿಡಿದೆ. ಅವರ ಮಾತೇ ನಿಜವಾಯಿತು: ಬೆಳ್ಳಿಯ ಮೇಲೆ ಒತ್ತಿದಾಗ ಅಕ್ಷರ ಬರೀ ಕಲೆಯಂತೆ ಮೂಡಿತು. ಹೆಚ್ಚಿನ ಹಣ ಕೇಳದೆ ಅವರು ಎರಡನೆಯ ಅಚ್ಚಿನಲ್ಲಿ ಮೂರೆಳೆಯ ಹಿಂಗಾರವನ್ನು ಕೊರೆದುಕೊಟ್ಟರು. ಕೊರೆದ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಉಜ್ಜಿ ಹೊಳಪಿಸಿ, ಮತ್ತೆ ಸಣ್ಣ ಉರಿಯಲ್ಲಿ ಅದರ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಹಿಡಿದದ್ದನ್ನು ಪಕ್ಕದಲ್ಲಿಯೇ ನಿಂತು ನೋಡಿದೆ. ಈ ಎರಡನೆಯ ಕಾಸುವಿಕೆಯನ್ನು ಬಿಟ್ಟರೆ ಉಕ್ಕು ಗಡುಸಾಗಿಯೇ ಉಳಿದು ಸುತ್ತಿಗೆಯ ಪೆಟ್ಟಿಗೆ ಅಂಚು ಸಿಡಿಯುತ್ತದೆ. ಇದುವರೆಗೆ ಸುಮಾರು 300 ಒಡವೆಗಳಿಗೆ ಒತ್ತಿದ್ದೇನೆ, ಒಂದು ಎಳೆಯೂ ಮೊಂಡಾಗಿಲ್ಲ. ನಾನು ಕೊಟ್ಟದ್ದು 1,800 ರೂಪಾಯಿ, ಕಾದದ್ದು 12 ದಿನ.

ಕೊರತೆಗಳೂ ಇವೆ. ಗುಂಡಗಿನ ಹಿಡಿಯಲ್ಲಿ ಯಾವ ಕಡೆ ಮೇಲು ಎಂದು ತಿಳಿಯುವ ಗುರುತಿರಲಿಲ್ಲ. ನಾನೇ ಅರದಿಂದ ಒಂದು ಕಚ್ಚು ಹಾಕಿಕೊಂಡೆ. ಉಂಗುರದ ಒಳಮೈಗೆ ಈ ನೇರ ಅಚ್ಚು ತಾಗುವುದಿಲ್ಲ, ಅದಕ್ಕೆ ಬಾಗಿದ ಕತ್ತಿನದು ಬೇಕು. ತಗಡನ್ನು ಕಾಯಿಸಿ ಮೆದು ಮಾಡಿ, ಬೆಸುಗೆಗೆ ಮೊದಲೇ, ಉಕ್ಕಿನ ಕಟ್ಟೆಯ ಮೇಲಿಟ್ಟು ಒಂದೇ ಪೆಟ್ಟಿನಲ್ಲಿ ಒತ್ತಬೇಕು. ಎರಡನೆಯ ಪೆಟ್ಟು ಬಿದ್ದರೆ ಗುರುತು ಜೋಡಿಯಾಗುತ್ತದೆ.

ಈ ಗುರುತು ಬೆಳ್ಳಿಯ ಶುದ್ಧತೆಯ ಹಾಲ್‌ಮಾರ್ಕ್ ಅಲ್ಲ ಎಂಬುದನ್ನು ಗಿರಾಕಿಗಳಿಗೆ ಸ್ಪಷ್ಟವಾಗಿ ಹೇಳಬೇಕು. ಇದು ನಕಲನ್ನು ತಡೆಯುವ ಬೀಗವೂ ಅಲ್ಲ. ವಿನ್ಯಾಸದ ಹಕ್ಕು ಬೇಕಾದವರು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬೇಕು; ಅದು ಮೊದಲು 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ಇರುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಮಾದರಿಯನ್ನು ಹತ್ತು ಜನರ ಮುಂದೆ ಇಟ್ಟಿದ್ದರೆ ಅದು ಹೊಸದೆಂದು ಪರಿಗಣಿತವಾಗುವುದಿಲ್ಲ. ನನ್ನ ಜುಮುಕಿಯ ವಿಷಯದಲ್ಲಿ ಆ ಕಾಲ ಮೀರಿತ್ತು. ಗುರುತಿನ ಅಚ್ಚಿನಿಂದ ಆಗುವ ಉಪಯೋಗ ಬೇರೆ: ಗುರುತಿರುವ ಒಡವೆಯಿಂದಲೇ ಎರಕ ತೆಗೆದರೆ ಗುರುತೂ ಮಸುಕಾಗಿ ಅದರೊಡನೆ ಬರುತ್ತದೆ, ಅಳಿಸಹೊರಟರೆ ಅಲ್ಲಿ ಉಜ್ಜಿದ ಕಲೆ ಉಳಿಯುತ್ತದೆ. ಯಾವುದು ನನ್ನ ಕೈಯದು ಎಂದು ತೋರಿಸಲು ನನಗೆ ಇಷ್ಟು ಸಾಕಾಯಿತು.

ಕಳೆದ ತಿಂಗಳು ಕುಂಬಳೆಯಲ್ಲಿ ಮೇಜು ಹಾಕಿದಾಗ ಹಿಂಗಾರದ ಜುಮುಕಿಗಳನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದೆ. ಒಬ್ಬರು ಬೆಲೆಯನ್ನೂ ಕೇಳದೆ ಮೊಬೈಲ್ ಎತ್ತಿ ಫೋಟೋ ತೆಗೆಯತೊಡಗಿದರು. ಮೊದಲಾಗಿದ್ದರೆ ಬಟ್ಟೆ ಮುಚ್ಚುತ್ತಿದ್ದೆ. ಆ ದಿನ ಜುಮುಕಿಯನ್ನು ಮಗುಚಿ, “ಹಿಂದಿನ ಗುರುತನ್ನೂ ತೆಗೆದುಕೊಳ್ಳಿ” ಎಂದೆ. ಉಂಗುರಗಳಿಗಾಗಿ ಬಾಗಿದ ಕತ್ತಿನ ಅಚ್ಚನ್ನು ಅದೇ ಆಚಾರ್ಯರಲ್ಲಿ ಹೇಳಿಟ್ಟಿದ್ದೇನೆ.