ದಿನವಿಡೀ ರೆಕಾರ್ಡ್ ಮಾಡೋಕೆ ಯಾವ ಕ್ಯಾಮೆರಾ?

ಗಂಗಾವತಿಯ ಭತ್ತದ ಗದ್ದೆಯಲ್ಲಿ ನಾಟಿ ಶುರುವಾದಾಗಿಂದ ಸಂಜೆಯ ಮಂಡಕ್ಕಿ-ಮಿರ್ಚಿವರೆಗೆ ಇಡೀ ದಿನ ರೆಕಾರ್ಡ್ ಆಗಬೇಕು, ಮೈಮೇಲೆ ಹಾಕಿಕೊಳ್ಳುವ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ.

ಮೊದಲು ಬ್ಯಾಟರಿ ನೋಡಿ. ಪೊಲೀಸರು ಎದೆಗೆ ಸಿಕ್ಕಿಸಿಕೊಳ್ಳುವಂಥ ಬಾಡಿ ಕ್ಯಾಮೆರಾ ಒಳ್ಳೆಯದಾದರೆ ಎಂಟು ತಾಸಿನ ಹತ್ತಿರ ಓಡುತ್ತದೆ. ಚಿತ್ರ ಸುಮಾರು, ಆದರೆ ನಿಮ್ಮ ಕೆಲಸಕ್ಕೆ ನಾನಂತೂ ಇದನ್ನೇ ನೋಡುತ್ತಿದ್ದೆ. ಹೆಲ್ಮೆಟ್ಟಿಗೋ ಎದೆಗೋ ಕಟ್ಟಿಕೊಳ್ಳುವ ಪುಟ್ಟ ಆಕ್ಷನ್ ಕ್ಯಾಮೆರಾದ ಚಿತ್ರ ಬಲು ಚೆಂದ, ಕೆಸರು ನೀರಿಗೂ ಅಂಜುವುದಿಲ್ಲ. ಬ್ಯಾಟರಿ ಮಾತ್ರ ಒಂದೆರಡು ತಾಸಿಗೇ ಮುಗಿಯುತ್ತದೆ. ರಾಯಚೂರು ಕಡೆಯ ಮೇ ಬಿಸಿಲಿಗೆ ಬಿಸಿಯಾಗಿ ತಾನೇ ಆಫ್ ಆಗೋದೂ ಉಂಟು. ಅಂಜನಾದ್ರಿ ಹತ್ತುವಾಗಿನ ಅರ್ಧ ತಾಸಿಗೆ ಸಾಕಷ್ಟೇ.

ಕ್ಯಾಮೆರಾ ಇರುವ ರೇ-ಬ್ಯಾನ್ ಮೆಟಾ ಕನ್ನಡಕ 2025ರಲ್ಲಿ ಭಾರತಕ್ಕೆ ಬಂದಾಗ ಬೆಲೆ 29,900 ರೂಪಾಯಿಯಿಂದ ಶುರುವಾಗಿತ್ತು. ಕೈ ಕೆಸರಾಗಿದ್ದರೂ ಕಣ್ಣು ಕಂಡದ್ದೇ ಸೆರೆಯಾಗುತ್ತದೆ. ಆದರೆ ಕೆಲವೇ ನಿಮಿಷಗಳ ತುಣುಕು, ಇಡೀ ದಿನಕ್ಕಲ್ಲ. ಮಕ್ಕಳ ಆಟ ಹಿಡಿಯೋಕೆ ಚೆಂದ.

ಅಂಗಿಗೆ ಸಿಕ್ಕಿಸಿದರೆ 30 ಸೆಕೆಂಡಿಗೊಂದು ಫೋಟೊ ತೆಗೆಯುತ್ತಿದ್ದ ನ್ಯಾರೇಟಿವ್ ಕ್ಲಿಪ್ ಎಂಬ ಪುಟ್ಟ ಕ್ಯಾಮೆರಾ ಹಳೆಯದು ಸಿಕ್ಕರೆ ಸುಮ್ನೆ ಬಿಡಿ. ಆ ಕಂಪನಿ 2016ರಲ್ಲೇ ಬಾಗಿಲು ಹಾಕಿತು.

ಕನ್ನಡಕದಲ್ಲಿ ರೆಕಾರ್ಡ್ ಆಗುವಾಗ ಸಣ್ಣ ದೀಪ ಉರಿಯುತ್ತದೆ, ಆದರೆ ಗದ್ದೆಯ ಬಿಸಿಲಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಯಾವುದನ್ನೇ ಹಾಕಿ, ಪಕ್ಕದಲ್ಲಿ ನಾಟಿ ಮಾಡುವ ಅಕ್ಕಂದಿರನ್ನು ಮೊದಲೇ ಕೇಳಿ.