ಯೋಗಿ ಬೆರಾ ಹೊರಗಿಟ್ಟ ಬೆರಳು, ನನ್ನ ಮಗನ ಹೊಸ ಮಿಟ್

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಹತ್ತು ವರ್ಷ. ಈ ಸಲ ಬೇಸ್‌ಬಾಲ್ ಟೀಮಿನಲ್ಲಿ ಅವನನ್ನು ಕ್ಯಾಚರ್, ಅಂದರೆ ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವವನನ್ನಾಗಿ, ಮಾಡಿದರು. ಮೊದಲ ದಿನವೇ ಮನೆಗೆ ಬಂದು ಎಡಗೈ ಚಾಚಿದ. ತೋರುಬೆರಳಿನ ಬುಡ ಕೆಂಪಗೆ ಊದಿಕೊಂಡಿತ್ತು. ಯಾರೋ ಕೊಟ್ಟ ಹಳೇ ಮಿಟ್ (ಕ್ಯಾಚರ್‌ನ ದಪ್ಪ ಗ್ಲೌಸ್), ಒಳಗೆ ಮೆತ್ತೆ ಅನ್ನೋದೇ ಉಳಿದಿರಲಿಲ್ಲ. ಮರುದಿನ ಹೋಗಿ 32.5 ಇಂಚಿನ ಚರ್ಮದ ಮಿಟ್ ತಂದೆ. 90 ಡಾಲರ್. ಎರಡು ತಿಂಗಳು ಅವನು ಬಳಸಿದ್ದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಕ್ರಿಕೆಟ್ ನೋಡಿ ಬೆಳೆದ ನನಗೆ ಗ್ಲೌಸ್ ಅಂದರೆ ವಿಕೆಟ್ ಕೀಪರ್ ಗ್ಲೌಸ್, ಎರಡೂ ಕೈಗೆ. ಕ್ಯಾಚರ್‌ಗೆ ಒಂದೇ ಕೈಗೆ. ಹೆಬ್ಬೆರಳು ಬಿಟ್ಟರೆ ಉಳಿದ ಬೆರಳುಗಳಿಗೆಲ್ಲ ಸೇರಿ ಒಂದೇ ದುಂಡನೆಯ ದಿಂಬು. 32.5 ಇಂಚು ಅನ್ನುವುದು ಉದ್ದ ಅಲ್ಲ, ಸುತ್ತಳತೆ. ಅದು ನನಗೆ ಅಂಗಡಿಯಲ್ಲೇ ಗೊತ್ತಾಗಿದ್ದು.

ಈ ಮಿಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹಿಂಬದಿಯ ಸಣ್ಣ ಚರ್ಮದ ಪಟ್ಟಿ. ತೋರುಬೆರಳನ್ನು ಹೊರಗೆ ತೆಗೆದು ಆ ಪಟ್ಟಿಯ ಕೆಳಗೆ ಇಡಬಹುದು. ಆಗ ಚೆಂಡಿಗೂ ಬೆರಳಿಗೂ ನಡುವೆ ಇನ್ನೊಂದು ಪದರ ಬರುತ್ತದೆ. ಊತ ಒಂದೇ ವಾರದಲ್ಲಿ ಇಳಿಯಿತು. ಹೀಗೆ ಒಂದು ಬೆರಳು ಹೊರಗಿಟ್ಟು ಆಡಿದ ಮೊದಲ ಕ್ಯಾಚರ್ ಅಂತ ಹೇಳುವುದು ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಹಳೆಯ ಆಟಗಾರ ಯೋಗಿ ಬೆರಾ ಅವರನ್ನು.

ಹೊಸ ಮಿಟ್ ಹಲಗೆಯ ಹಾಗೆ ಗಟ್ಟಿ. ಮೊದಲ ಎರಡು ವಾರ ಚೆಂಡು ತಾಗಿ ಪುಟಿದು ಹೋಗುತ್ತಿತ್ತು. ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಎಣ್ಣೆ ಸವರುತ್ತಿದ್ದೆವು. ಸ್ವಲ್ಪವೇ, ಜಾಸ್ತಿ ಆದರೆ ಚರ್ಮ ಭಾರವಾಗುತ್ತೆ. ನಡುವೆ ಚೆಂಡಿಟ್ಟು ಬಟ್ಟೆ ಕಟ್ಟಿ ಬೆಳಗಿನ ತನಕ ಬಿಡುವುದು. ಆ ಹೊತ್ತಿಗೆ ಅವನಿಗೆ ಬೆರಾ ಕಥೆ ಹೇಳುತ್ತಿದ್ದೆ. ಟೀಮಿನಲ್ಲಿ ಇವನೇ ಗಿಡ್ಡ. ಬೆರಾ ಕೂಡ 5 ಅಡಿ 7 ಇಂಚು ಅಂದಾಗ ಕೈ ನಿಲ್ಲಿಸಿ ನನ್ನ ಮುಖ ನೋಡಿದ.

ಬೆರಾ ಹುಟ್ಟಿದ್ದು 1925ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ಅಪ್ಪ ಅಮ್ಮ ಇಟಲಿಯಿಂದ ಬಂದವರು. ಓದು ಎಂಟನೇ ಕ್ಲಾಸಿಗೆ ನಿಂತಿತು. ನಿಜವಾದ ಹೆಸರು ಲಾರೆನ್ಸ್ ಪೀಟರ್. ಬ್ಯಾಟಿಂಗ್ ಸರದಿಗೆ ಚಕ್ಕಂಬಕ್ಕಳ ಹಾಕಿ ಕಾಯುತ್ತಾ ಕೂತಿದ್ದವರನ್ನು ನೋಡಿ, ಭಾರತದ ಬಗ್ಗೆ ಸಿನಿಮಾ ನೋಡಿ ಬಂದಿದ್ದ ಗೆಳೆಯ 'ಯೋಗಿ' ಅಂದ. ಅದೇ ಉಳಿಯಿತು. ನೌಕಾಪಡೆ ಸೇರಿ, 19ನೇ ವಯಸ್ಸಿಗೆ ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯಲ್ಲಿ ರಾಕೆಟ್ ಹಾರಿಸುವ ದೋಣಿಯಲ್ಲಿದ್ದರು. 1946ರಲ್ಲಿ ಯಾಂಕೀಸ್ ಸೇರಿದಾಗ ಕ್ಯಾಚಿಂಗ್ ಇನ್ನೂ ಒರಟು. ಹಳೆಯ ಕ್ಯಾಚರ್ ಬಿಲ್ ಡಿಕಿ ಕೂರಿಸಿಕೊಂಡು ತಿದ್ದಿದರು. ಮಗನಿಗೆ ಇದನ್ನು ಎರಡು ಸಲ ಹೇಳಿದೆ. ಮೊದಲ ದಿನವೇ ಬರೋದಲ್ಲ ಇದು, ಅಲ್ವಾ?

ಆಮೇಲೆ 10 ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ) ಗೆಲುವು. ಆಟಗಾರನಾಗಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. 1951, 1954, 1955ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. ನನ್ನನ್ನು ಬೆರಗಾಗಿಸಿದ್ದು 1950ರ ಲೆಕ್ಕ. 597 ಸಲ ಬ್ಯಾಟ್ ಹಿಡಿದು ಸ್ಟ್ರೈಕ್‌ಔಟ್ (ಚೆಂಡು ಬ್ಯಾಟಿಗೆ ಸಿಗದೆ ಮೂರು ಸ್ಟ್ರೈಕ್ ಆಗಿ ಔಟ್) ಆಗಿದ್ದು ಬರೀ 12 ಸಲ. ಮಗನಿಗೆ ಹಿಡಿಸಿದ್ದು 1956ರ ಫೋಟೋ. ವರ್ಲ್ಡ್ ಸೀರೀಸ್‌ನ ಐದನೇ ಆಟದಲ್ಲಿ ಯಾಂಕೀಸ್‌ನ ಎಸೆತಗಾರ ಡಾನ್ ಲಾರ್ಸನ್ ಎದುರಾಳಿಗಳ 27 ಬ್ಯಾಟಿಂಗ್ ಸರದಿಗಳಲ್ಲೂ ಒಬ್ಬರನ್ನೂ ಬೇಸ್ ಮುಟ್ಟಿಸದೆ ಔಟ್ ಮಾಡಿದರು, 97 ಎಸೆತಗಳಲ್ಲಿ. ಹೇಗೆ ಎಸೆಯಬೇಕೆಂದು ಪ್ರತಿ ಎಸೆತಕ್ಕೂ ಸನ್ನೆ ಕೊಟ್ಟಿದ್ದು ಬೆರಾ. ಕೊನೆಯ ಸ್ಟ್ರೈಕ್ ಬಿದ್ದ ತಕ್ಷಣ ಓಡಿಹೋಗಿ ಲಾರ್ಸನ್ ಮೇಲೆ ಮಗುವಿನ ಹಾಗೆ ಹಾರಿ ಜೋತುಬಿದ್ದರು.

ಇನ್ನು ಮಿಟ್‌ನ ದೋಷ. ಹೆಬ್ಬೆರಳಿಗೂ ದಿಂಬಿಗೂ ನಡುವಿನ ಬಲೆಯ ಚರ್ಮದ ದಾರ ಮೂರನೇ ವಾರಕ್ಕೇ ಸಡಿಲವಾಯಿತು. 90 ಡಾಲರ್ ಕೊಟ್ಟ ಮೇಲೆ ಹೀಗಾಗಬಾರದಿತ್ತು. ಬೇರೆ ಕಡೆ ಕೊಟ್ಟು 12 ಡಾಲರ್‌ಗೆ ಬಿಗಿ ಮಾಡಿಸಿದೆ. ಆಮೇಲೆ ಗಟ್ಟಿಯಾಗಿದೆ. ಮಣಿಕಟ್ಟಿನ ಪಟ್ಟಿ ಚೆನ್ನಾಗಿದೆ, ಒಳಗಿನ ಚರ್ಮ ಬೆವರು ಹೀರುತ್ತದೆ. ಈಗ ಚೆಂಡು ಬಿದ್ದರೆ 'ಟಪ್' ಅಂತ ತುಂಬಿದ ಸದ್ದು ಬರುತ್ತದೆ, ಮಗ ಆ ಸದ್ದಿಗಾಗಿಯೇ ಅಂಗಳದಲ್ಲಿ ನನ್ನಿಂದ ಎಸೆಸಿಕೊಳ್ಳುತ್ತಾನೆ.

ಆನ್‌ಲೈನ್‌ನಲ್ಲಿ ತರಿಸಬೇಡಿ. ಮಗುವನ್ನು ಕರೆದುಕೊಂಡು ಹೋಗಿ, ಮಿಟ್ ಹಾಕಿಸಿ, ಬೆರಳು ಹೊರಗಿಟ್ಟು ಹತ್ತು ಸಲ ಮುಚ್ಚಿ ತೆಗೆಯಲು ಹೇಳಿ. ಪಟ್ಟಿ ಬೆರಳಿಗೆ ಒತ್ತಿದರೆ ಬೇರೆಯದನ್ನು ನೋಡಿ.