ಕ್ಯೋಫ್ 2: ಎಳೆಯುವಷ್ಟನ್ನು ನಿಲ್ಲಿಸಲಾರದ ಗಟ್ಟಿ ಶಂಟರ್

ಜರ್ಮನಿಯ ಹಳ್ಳಿ ಸ್ಟೇಷನ್ನುಗಳಲ್ಲಿ ಒಂದೆರಡು ವ್ಯಾಗನ್ ಬಿಡಿಸಿ ಗೋದಾಮಿಗೆ ತಳ್ಳಲು ಗೂಡ್ಸ್ ರೈಲಿನ ದೊಡ್ಡ ಎಂಜಿನ್ನೇ ಹೋಗಬೇಕಿತ್ತು. ಅಷ್ಟು ಹೊತ್ತೂ ಇಡೀ ರೈಲು ಕಾಯುತ್ತಿತ್ತು. ಈ ಕಾಯುವಿಕೆ ತಪ್ಪಿಸಲು 1930ರ ದಶಕದಲ್ಲಿ ಬಂದ ಪುಟ್ಟ ಎಂಜಿನ್ ಕ್ಯೋಫ್ 2. ಎರಡು ಅಚ್ಚು, ಸುಮಾರು 17 ಟನ್ ತೂಕ, ಆರೂವರೆ ಮೀಟರಿಗಿಂತ ಕಡಿಮೆ ಉದ್ದ. ಯುದ್ಧಾನಂತರದವುಗಳಲ್ಲಿ 128 ಅಶ್ವಶಕ್ತಿಯ ಡೀಸೆಲ್. ಪೂರ್ಣ ತರಬೇತಿಯ ಲೋಕೋ ಪೈಲಟ್ ಬೇಕಿಲ್ಲ, ಕಲಿತ ಸ್ಟೇಷನ್ ಸಿಬ್ಬಂದಿಯೇ ಓಡಿಸುತ್ತಿದ್ದರು. ಕೆಲವು ಪಾರಂಪರಿಕ ರೈಲುಮಾರ್ಗಗಳಲ್ಲಿ ಇಂದಿಗೂ ದುಡಿಯುತ್ತಿವೆ.

ಇದರ ದೊಡ್ಡ ಗುಣ ಹೈಡ್ರಾಲಿಕ್ ಗೇರ್. ಶಂಟಿಂಗಿನಲ್ಲಿ, ಅಂದರೆ ವ್ಯಾಗನ್ನುಗಳನ್ನು ಬಿಡಿಸಿ ಜೋಡಿಸುವ ಕೆಲಸದಲ್ಲಿ, ಗಂಟೆಗೆ ಹತ್ತಾರು ಸಲ ಹೊರಟು ನಿಲ್ಲಬೇಕು. ಎಣ್ಣೆಯ ಮೂಲಕ ಶಕ್ತಿ ಸಾಗುವುದರಿಂದ ಸುಟ್ಟುಹೋಗಲು ಕ್ಲಚ್ಚೇ ಇಲ್ಲ. ದಿಕ್ಕು ಬದಲಿಸುವುದು ಮಾತ್ರ ಗಾಡಿ ಪೂರ್ತಿ ನಿಂತ ಮೇಲೆಯೇ. ಗೇರಿನ ಹಲ್ಲಿಗೆ ಹಲ್ಲು ತಾಗಿ ದಿಕ್ಕಿನ ಲಿವರ್ ಕೂರದಿದ್ದರೆ ಬಲ ಹಾಕಬೇಡಿ. ಒಂದಿಷ್ಟು ಜರುಗಿಸಿ ಮತ್ತೆ ಹಾಕಿ.

ಇನ್ನು ಬ್ರೇಕು. ಮೊದಲಿನವುಗಳಲ್ಲಿ ಕಾಲಿನಿಂದ ಒತ್ತುವ ಬ್ರೇಕು, ಅದೂ ಎಂಜಿನ್ನಿನ ಗಾಲಿಗಳಿಗೆ ಮಾತ್ರ. ಲೆಕ್ಕ ಹಾಕಿ ನೋಡಿ: ಸಮತಟ್ಟು ಹಳಿಯಲ್ಲಿ 200 ಟನ್ ಕದಲಿಸಲು ಒಂದೂವರೆ ಟನ್ ಎಳೆತ ಸಾಕು, ಇದು ಸಲೀಸಾಗಿ ಎಳೆಯುತ್ತದೆ. ಹಳಿ ಒದ್ದೆಯಾದರೆ ಬ್ರೇಕಿಗೆ ಸಿಗುವ ಹಿಡಿತ ಸುಮಾರು ಎರಡೂವರೆ ಟನ್ ಅಷ್ಟೇ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಎಂಟು ಮೀಟರಿನಲ್ಲಿ ನಿಲ್ಲುವ ಆ ಸಾಲು, 10 ಕಿ.ಮೀ. ವೇಗದಲ್ಲಿ ಮೂವತ್ತು ಮೀಟರ್ ದಾಟುತ್ತದೆ. ನೂರಕ್ಕೆ ಒಂದರ ಇಳಿಜಾರಿನಲ್ಲಂತೂ ಆ ಹಿಡಿತದ ಬಹುಪಾಲನ್ನು ಇಳಿಜಾರೇ ತಿಂದುಹಾಕುತ್ತದೆ. ಅಲ್ಲಿ ವ್ಯಾಗನ್ನುಗಳ ಬ್ರೇಕ್ ಜೋಡಿಸದೆ ಇಳಿಸಲೇಬಾರದು. ನಮ್ಮ ಬ್ರಾಡ್‌ಗೇಜಿನ ತುಂಬಿದ ಬಾಕ್ಸ್‌ಎನ್ ವ್ಯಾಗನ್ (ಕಲ್ಲಿದ್ದಲು ಸಾಗಿಸುವ ತೆರೆದ ವ್ಯಾಗನ್) ಒಂದೇ ಸುಮಾರು 81 ಟನ್ ತೂಗುತ್ತದೆ ಎಂದು ನೆನೆದರೆ, 200 ಟನ್ ಎಂದರೆ ಎಷ್ಟು ಚಿಕ್ಕ ಸಾಲು ಎಂದು ತಿಳಿಯುತ್ತದೆ. ಕೊಳ್ಳುವುದಾದರೆ ಏರ್ ಬ್ರೇಕ್ ಇರುವ, ಗಂಟೆಗೆ 45 ಕಿ.ಮೀ. ಓಡುವ ಕ್ಯೋಫ್ 2ರಲ್ಲೇ 323 ಎಂಬ ಸರಣಿಯದನ್ನೇ ಹುಡುಕಿ. ವೇಗ ಯಾರ್ಡಿಗೆ ಬೇಡ, ಬ್ರೇಕು ಬೇಕು.

ಕ್ಯಾಬ್ ತಗ್ಗು, ಮೆಟ್ಟಿಲೂ ತಗ್ಗು. ವ್ಯಾಗನ್ ಬಿಡಿಸಿ ಜೋಡಿಸಲು ಹತ್ತಿ ಇಳಿಯುವ ಪಾಯಿಂಟ್ಸ್‌ಮನ್ನಿಗೆ ಮಂಡಿ ನೋವಿಲ್ಲ. ಆದರೆ ಮುಚ್ಚಿದ ವ್ಯಾಗನ್ ತಳ್ಳುವಾಗ ಎದುರು ಏನೂ ಕಾಣದು, ಕೈಸನ್ನೆ ಕೊಡುವವರು ಮುಂದೆ ಇರಲೇಬೇಕು. ಅವರು ಕಣ್ಮರೆಯಾದ ಕೂಡಲೇ ನಿಲ್ಲಿಸಿ.

ಸವೆಯುವುದು ಮೊದಲು ಚೈನು. ಗೇರ್ ಪೆಟ್ಟಿಗೆಯಿಂದ ಎರಡೂ ಅಚ್ಚುಗಳಿಗೆ ಶಕ್ತಿ ಹೋಗುವುದು ರೋಲರ್ ಚೈನಿನಿಂದ. ಪಿನ್ನು, ಬುಷ್ಷು ಸವೆದಂತೆ ಚೈನು ಉದ್ದವಾಗುತ್ತದೆ. ಗಾಲಿ ಜಾರಿ ಥಟ್ಟನೆ ಹಿಡಿತ ಸಿಕ್ಕಾಗ ಅದು ಹಲ್ಲುಗಾಲಿಯ ಹಲ್ಲು ದಾಟಿ ಜಿಗಿಯುತ್ತದೆ. ಬಿಗಿಯಾಗಿ ಎಳೆದು ಹಿಡಿದು ಅಳೆಯಿರಿ: ಹೊಸದರಲ್ಲಿ 1000 ಮಿ.ಮೀ. ಇದ್ದ ತುಂಡು 1020 ಮುಟ್ಟಿದ್ದರೆ ಬದಲಿಸಿ. ಜೊತೆಗೆ ಹಲ್ಲುಗಾಲಿಗಳನ್ನೂ ನೋಡಿ, ತುದಿ ಕೊಕ್ಕೆಯಂತೆ ಬಾಗಿದ್ದರೆ ಹೊಸ ಚೈನನ್ನೂ ಅವು ಬೇಗ ಕೆಡಿಸುತ್ತವೆ. ಜಾರಿದ ಗಾಲಿಗೆ ತಿರುಗುತ್ತಿರುವಾಗಲೇ ಹಿಡಿತಕ್ಕೆಂದು ಹಳಿಯ ಮೇಲೆ ಮರಳು ಬಿಡುವ ಅಭ್ಯಾಸ ಚೈನಿಗೆ ಶತ್ರು. ಮೊದಲು ಥ್ರಾಟಲ್ ಇಳಿಸಿ, ಆಮೇಲೆ ಮರಳು.